ಕತ್ತರಿ ಯಾರ ಕೈಯಲ್ಲಿ?

(ಸಂಘದ ವಾಚನಾಲಯದ ಭಾನುವಾರದ ಕೂಟದಲ್ಲಿ ಮಾಡಿದ ಭಾಷಣ)



ಈ ಹೊತ್ತಿನ ವಿಷಯ ಸಿನೆಮಾ ಎಂದು ಬಾಗಿಲಿನ ಕರಿಹಲಗೆಯ ಮೇಲೆ ಬರೆದುದನ್ನು ಓದಿ ಕೆಲವರು ನಕ್ಕದ್ದುಂಟು. ಬಾಕಿ ಬರಬೇಕಾದ ಗ್ರಾಚ್ಯುಯಿಟಿ, ಏರುತ್ತಿರುವ ಬಾಡಿಗೆ, ಮಕ್ಕಳ ಫೀಸು ಇಷ್ಟೆಲ್ಲ ಇರುವಾಗ ಸಂಘಕ್ಕೆ ಸಿನೆಮಾದ ಚರ್ಚೆ ಏತಕ್ಕೆ ಎಂಬುದು ಅವರ ಪ್ರಶ್ನೆ. ಪ್ರಶ್ನೆ ನ್ಯಾಯವಾದುದೇ. ಅದನ್ನು ನಾವು ಮರೆತಿಲ್ಲ. ಕೊನೆಯಲ್ಲಿ ಉತ್ತರ ಕೊಡಲು ಯತ್ನಿಸುತ್ತೇವೆ.

ಮೊದಲು ಈ ವಿಷಯ ನಮ್ಮ ನಡುವೆ ಹೇಗೆ ಎದ್ದಿತೆಂಬುದನ್ನು ಹೇಳಬೇಕು. 2025ರ ಡಿಸೆಂಬರಿನಲ್ಲಿ ‘ಶೋಲೆ’ ಚಿತ್ರ ದೇಶದ ಚಿತ್ರಮಂದಿರಗಳಿಗೆ ಮರಳಿ ಬಂತು. ಹಳೆಯ ಪ್ರತಿಯೇ ಬಂದದ್ದಲ್ಲ. 1975ರಲ್ಲಿ ಕತ್ತರಿಗೆ ಸಿಕ್ಕಿದ್ದ ಭಾಗಗಳನ್ನೂ, ಅಂದು ಯಾರಿಗೂ ತೋರಿಸದ ಅಂತ್ಯವನ್ನೂ ಸೇರಿಸಿದ ಪ್ರತಿ ಬಂತು. ನಮ್ಮ ಹುಡುಗರು ನಾಲ್ಕೈದು ಮಂದಿ ನೋಡಿ ಬಂದರು. ಬಂದವರೇ ವಾಚನಾಲಯದಲ್ಲಿ ಕುಳಿತಿದ್ದ ಹಿರಿಯರೊಬ್ಬರಿಗೆ, “ಕಾಕಾ, ನೀವು ಅಂದು ನೋಡಿದ್ದು ಸುಳ್ಳು ಶೋಲೆ. ಖರೇ ಶೋಲೆ ಈಗ ಬಂದದ” ಎಂದರು. ಕಾಕಾ ಕನ್ನಡಕ ತೆಗೆದು ಮೇಜಿನ ಮೇಲಿಟ್ಟು, “ಏ ತಮ್ಮಾ, ಮೂರು ತಾಸು ಸರದಿಯೊಳಗ ನಿಂತು ನಾ ಕೊಟ್ಟ ರೊಕ್ಕನೂ ಸುಳ್ಳೇನು? ಅಮಿತಾಭ ಸತ್ತಾಗ ನಾ ಅತ್ತದ್ದೂ ಸುಳ್ಳೇನು?” ಎಂದು ಕೇಳಿದರು. ಹುಡುಗರು ಸುಮ್ಮನಾದರು. ಆದರೆ ಪ್ರಶ್ನೆ ಸುಮ್ಮನಾಗಲಿಲ್ಲ. ಎರಡು ಶೋಲೆಗಳಲ್ಲಿ ನಿಜವಾದುದು ಯಾವುದು? ಇದೇ ಇಂದಿನ ನಮ್ಮ ವಿಷಯ.

ಎರಡು ಪ್ರತಿಗಳೆಂದರೇನು?

ಚಿತ್ರಮಂದಿರದಲ್ಲಿ ಜನರಿಗೆ ಮೊದಲು ತೋರಿಸಿದ ಪ್ರತಿ ಒಂದು. ಅದನ್ನು ನಾವು ಮಂದಿರದ ಪ್ರತಿ ಎನ್ನೋಣ. ಚಿತ್ರದ ದಿಗ್ದರ್ಶಕನು, “ನನ್ನ ಮನಸ್ಸಿನಲ್ಲಿದ್ದುದು ಅದಲ್ಲ, ಇದು” ಎಂದು ಆಮೇಲೆ ಹೊರತರುವ ಪ್ರತಿ ಇನ್ನೊಂದು. ಅದಕ್ಕೆ ಡೈರೆಕ್ಟರ್ಸ್ ಕಟ್ ಎಂಬ ಹೆಸರು ಬಳಕೆಯಲ್ಲಿದೆ. ನಾವು ದಿಗ್ದರ್ಶಕನ ಪ್ರತಿ ಎಂದರೆ ಸಾಕು.

ಗಿರಣಿಯ ಬಂಧುಗಳಿಗೆ ಇದು ಬೇಗ ಅರ್ಥವಾಗುತ್ತದೆ. ಮಗ್ಗದಿಂದ ಇಳಿದ ಕೋರಾ ಬಟ್ಟೆ ಹಾಗೆಯೇ ಅಂಗಡಿಗೆ ಹೋಗುವುದಿಲ್ಲ. ತಪಾಸಣೆಯಾಗಬೇಕು, ಬಣ್ಣವಾಗಬೇಕು, ಮಡಿಕೆಯಾಗಬೇಕು, ತುಂಡಾಗಬೇಕು. ಸಿನೆಮಾದ ಫಿಲ್ಮೂ ಅಡಿಗಳ ಲೆಕ್ಕದ ಸರಕೇ. 35 ಮಿಲಿಮೀಟರಿನ ಫಿಲ್ಮು ಯಂತ್ರದೊಳಗೆ ಸೆಕೆಂಡಿಗೆ 24 ಚಿತ್ರಗಳಂತೆ, ನಿಮಿಷಕ್ಕೆ 90 ಅಡಿಗಳಂತೆ ಓಡುತ್ತದೆ. ಮೂರು ಗಂಟೆಯ ಚಿತ್ರವೆಂದರೆ 16 ಸಾವಿರ ಅಡಿಗೂ ಮಿಕ್ಕಿತು. ಚಿತ್ರ ತೆಗೆಯುವಾಗ ಇದರ ಹಲವು ಪಟ್ಟು ಫಿಲ್ಮು ಖರ್ಚಾಗಿರುತ್ತದೆ. ಅದರಲ್ಲಿ ಬೇಕಾದುದನ್ನು ಆಯ್ದು, ಬೇಡವಾದುದನ್ನು ಕತ್ತರಿಸಿ, ಜೋಡಿಸಿದ ಮೇಲೆಯೇ ಸಿನೆಮಾ. ಆದುದರಿಂದ ಕತ್ತರಿ ಹಾಕಿದ್ದೇ ಅನ್ಯಾಯ ಎನ್ನುವಂತಿಲ್ಲ. ಕತ್ತರಿಯಿಲ್ಲದ ಸಿನೆಮಾ ಬಲು ಅಪರೂಪ. ನಾವು ಕೇಳಬೇಕಾದುದು ಬೇರೆ: ಕತ್ತರಿ ಯಾರ ಕೈಯಲ್ಲಿತ್ತು? ಏತಕ್ಕಾಗಿ ಆಡಿತು?

ನಾವು ಕಂಡಂತೆ ಮೂರು ಕತ್ತರಿಗಳಿವೆ. ಮೊದಲನೆಯದು ಸಂಕಲನಕಾರನ ಕತ್ತರಿ. ಅದು ಕಥೆಗಾಗಿ ಆಡುತ್ತದೆ. ಎರಡನೆಯದು ಹಣ ಹಾಕಿದವರ ಕತ್ತರಿ. ಚಿತ್ರ ಉದ್ದವಾದರೆ ದಿನಕ್ಕೆ ನಾಲ್ಕು ಆಟಗಳ ಬದಲು ಮೂರೇ ಆಟ. ಹೋಟೆಲಿನವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಮಧ್ಯಾಹ್ನದ ಊಟದ ಹೊತ್ತಿನಲ್ಲಿ ಮೇಜು ಎಷ್ಟು ಬೇಗ ತೆರವಾಗುತ್ತದೆಯೋ ಗಲ್ಲಾ ಅಷ್ಟು ತುಂಬುತ್ತದೆ. ಮೂರನೆಯದು ಸರಕಾರದ ಕತ್ತರಿ, ಎಂದರೆ ಸೆನ್ಸಾರ್ ಮಂಡಳಿ. ಜನರು ಏನನ್ನು ನೋಡಬಹುದು, ಏನನ್ನು ನೋಡಬಾರದು ಎಂದು ಅದು ಹೇಳುತ್ತದೆ. ಈ ಮೂರೂ ಕತ್ತರಿಗಳಿಗೆ ಒಂದೊಂದು ನಿದರ್ಶನ ಕೊಟ್ಟು ಮಾತನ್ನು ಬೆಳೆಸುತ್ತೇವೆ.

ಶೋಲೆಯ ಎರಡು ಅಂತ್ಯಗಳು

ಮೊದಲು ಶೋಲೆಯನ್ನೇ ತೆಗೆದುಕೊಳ್ಳೋಣ. ಅದು ನಮ್ಮ ನಾಡಿನ ಮಣ್ಣಿನಲ್ಲಿ ಹುಟ್ಟಿದ ಚಿತ್ರ. ಕಥೆಯ ರಾಮಗಢ ಎಂಬ ಹಳ್ಳಿ ಉತ್ತರ ಹಿಂದುಸ್ಥಾನದ್ದೆಂದು ತೋರಿದರೂ ಅದನ್ನು ಕಟ್ಟಿದ್ದು ಬೆಂಗಳೂರು–ಮೈಸೂರು ದಾರಿಯ ರಾಮನಗರದ ಬಂಡೆಗಳ ನಡುವೆ. 1973ರ ಅಕ್ಟೋಬರಿನಲ್ಲಿ ಅಲ್ಲಿ ಚಿತ್ರೀಕರಣ ಆರಂಭವಾಯಿತು. ಗಬ್ಬರ್ ಸಿಂಗ ಕುಳಿತು ಗರ್ಜಿಸಿದ ಬಂಡೆಗಳು ರೇಷ್ಮೆಗೂಡಿನ ಪೇಟೆಗೆ ಹೆಸರಾದ ಊರಿನ ಬಂಡೆಗಳು. ಆ ಕಡೆಯಿಂದ ಬಂದವರು ನಮ್ಮ ಸಂಘದಲ್ಲೂ ಇದ್ದಾರೆ. ಪರದೆಯ ಮೇಲೆ ತಮ್ಮ ಊರಿನ ಗುಡ್ಡ ಕಂಡಾಗ ಅವರಿಗಾದ ಹಿಗ್ಗು ನಮಗೆ ತಿಳಿಯದ್ದಲ್ಲ.

ದಿಗ್ದರ್ಶಕ ರಮೇಶ ಸಿಪ್ಪಿ, ನಿರ್ಮಾಪಕ ಜಿ. ಪಿ. ಸಿಪ್ಪಿ, ಕಥೆ ಬರೆದವರು ಸಲೀಂ–ಜಾವೇದ್. ಬಲದೇವ ಸಿಂಗ ಠಾಕೂರನೆಂಬ ಪೊಲೀಸ್ ಅಧಿಕಾರಿ ಗಬ್ಬರ್ ಎಂಬ ಡಕಾಯಿತನನ್ನು ಹಿಡಿದು ಸೆರೆಮನೆಗೆ ಹಾಕುತ್ತಾನೆ. ಗಬ್ಬರ್ ತಪ್ಪಿಸಿಕೊಂಡು ಬಂದು ಠಾಕೂರನ ಮನೆಮಂದಿಯನ್ನು ಕೊಲ್ಲುತ್ತಾನೆ, ಆಮೇಲೆ ಠಾಕೂರನ ಎರಡೂ ತೋಳುಗಳನ್ನು ಕಡಿಯುತ್ತಾನೆ. ಠಾಕೂರನು ಜೈ, ವೀರು ಎಂಬ ಇಬ್ಬರು ಕಳ್ಳರನ್ನು ಕೂಲಿಗೆ ಕರೆತರುತ್ತಾನೆ. ಇಷ್ಟು ಕಥೆ ಇಲ್ಲಿ ಕುಳಿತ ಮಕ್ಕಳಿಗೂ ಗೊತ್ತು.

ಚಿತ್ರ ಮುಗಿಯುವ ಹೊತ್ತಿಗೆ ದೇಶದ ಕಾಲಮಾನ ಬದಲಾಗಿತ್ತು. 1975ರ ಜೂನ್ 25ರಂದು ತುರ್ತು ಪರಿಸ್ಥಿತಿ ಘೋಷಣೆಯಾಯಿತು. ಬಿಡುಗಡೆಗೆ ಗೊತ್ತುಮಾಡಿದ ದಿನ ಆಗಸ್ಟ್ 15. ದಿಗ್ದರ್ಶಕನು ತೆಗೆದಿದ್ದ ಅಂತ್ಯ ಹೀಗಿತ್ತು: ತೋಳಿಲ್ಲದ ಠಾಕೂರನು ತಳದಲ್ಲಿ ಮೊಳೆ ಬಡಿದ ಜೋಡುಗಳಿಂದ ಗಬ್ಬರನನ್ನು ತುಳಿಯುತ್ತಾನೆ; ತನ್ನ ತೋಳು ಹೋದ ಕಂಬಗಳ ಬಳಿಯೇ ಗಬ್ಬರ್ ಮೊಳೆಗೆ ಸಿಕ್ಕಿ ಸಾಯುತ್ತಾನೆ. ಸೆನ್ಸಾರ್ ಮಂಡಳಿ ಇದನ್ನು ಒಪ್ಪಲಿಲ್ಲ. ಪೊಲೀಸ್ ಅಧಿಕಾರಿಯಾಗಿದ್ದವನೇ ಕಾನೂನನ್ನು ಕೈಗೆತ್ತಿಕೊಂಡು ಕೊಲೆ ಮಾಡಕೂಡದು ಎಂಬುದು ಆಕ್ಷೇಪಣೆ. ಬಿಡುಗಡೆಯ ದಿನ ಹತ್ತಿರ ಬಂದಿತ್ತು. ಠಾಕೂರನ ಪಾತ್ರ ವಹಿಸಿದ ಸಂಜೀವ ಕುಮಾರರು ಸೋವಿಯತ್ ದೇಶಕ್ಕೆ ಹೋಗಿದ್ದರು, ಅವರನ್ನು ಕರೆಸಿಕೊಳ್ಳಲಾಯಿತು. ರಾಮನಗರಕ್ಕೆ ಮತ್ತೆ ಹೋಗಿ ಬೇರೆ ಅಂತ್ಯವನ್ನು ತೆಗೆದರು. ಕೊನೆಯ ಏಟಿಗೆ ಮುನ್ನ ಪೊಲೀಸರು ಬರುತ್ತಾರೆ, ಕಾನೂನನ್ನು ನೆನಪಿಸುತ್ತಾರೆ, ಗಬ್ಬರನನ್ನು ಹಿಡಿದೊಯ್ಯುತ್ತಾರೆ. ನಮ್ಮ ಕಾಕಾ ನೋಡಿದ್ದು ಈ ಅಂತ್ಯವನ್ನು. ಸೇವಕ ರಾಮಲಾಲನು ಜೋಡಿಗೆ ಮೊಳೆ ಬಡಿಯುವ ದೃಶ್ಯವೂ ಹೋಯಿತು. ಇಮಾಮ ಸಾಹೇಬರ ಮಗ ಅಹಮದನ ಕೊಲೆಯ ದೃಶ್ಯವೂ ಹೋಯಿತು.

ಇನ್ನು ವಿಚಾರ ಮಾಡೋಣ. ಈ ಬದಲಾವಣೆಯಿಂದ ಏನಾಯಿತು?

ಅಂತ್ಯ ಬದಲಾದುದರಿಂದ ಕಥೆಗೆ ಪೆಟ್ಟು ಬಿತ್ತೆಂಬುದು ನಮ್ಮ ಅಭಿಪ್ರಾಯ. ಏಕೆಂದರೆ ಗಬ್ಬರನನ್ನು ಒಮ್ಮೆ ಕಾನೂನಿಗೆ ಒಪ್ಪಿಸಿ ಆಗಿತ್ತು. ಅವನು ಸೆರೆಮನೆಯಿಂದ ತಪ್ಪಿಸಿಕೊಂಡದ್ದರಿಂದಲೇ ಠಾಕೂರನ ಮನೆ ಹಾಳಾದುದು. ಮತ್ತೆ ಅದೇ ಪೊಲೀಸರು, ಅದೇ ಸೆರೆಮನೆ ಎಂದರೆ ನೋಡುವವನ ಮನಸ್ಸಿನಲ್ಲಿ ಒಂದು ಮಾತು ಏಳುತ್ತದೆ: ಈ ಸಲ ಬೀಗ ಗಟ್ಟಿಯಾಗಿದೆಯೇ? ಸರಕಾರವು ಕಾನೂನಿನ ಮೇಲೆ ಜನರ ನಂಬಿಕೆ ಉಳಿಯಲೆಂದು ಅಂತ್ಯವನ್ನು ಬದಲಿಸಿತು. ಅದರಿಂದ ಆದದ್ದೆಂದರೆ ಕಾನೂನಿನ ಮೇಲೆ ಅನುಮಾನ ಹುಟ್ಟಿದ್ದು. ನಮ್ಮಲ್ಲಿ 1982ರ ಜನವರಿ 18ರಂದು ಆರಂಭವಾದ ಗಿರಣಿ ಮುಷ್ಕರದಲ್ಲಿ ಕೆಲಸ ಬಿಟ್ಟು ಹೊರಬಂದವರಿದ್ದಾರೆ. ಅಂದು ಹೊರಬಂದವರು ಸುಮಾರು ಎರಡೂವರೆ ಲಕ್ಷ ಮಂದಿ. ಬಾಕಿ ಹಣಕ್ಕಾಗಿ, ಮನೆಗಾಗಿ ವರ್ಷಾನುವರ್ಷ ಕಚೇರಿಗಳ ಮೆಟ್ಟಿಲು ಹತ್ತಿದವರಿದ್ದಾರೆ. ಸಿನೆಮಾದಲ್ಲಿ ಪೊಲೀಸರು ಸರಿಯಾದ ನಿಮಿಷಕ್ಕೆ ಬಂದು ನಿಂತುದನ್ನು ಕಂಡು ಅವರು ಮುಗುಳ್ನಕ್ಕರೆ ತಪ್ಪೇನು?

ಹಾಗೆಂದ ಮಾತ್ರಕ್ಕೆ ದಿಗ್ದರ್ಶಕನ ಅಂತ್ಯವು ಸೇಡಿನ ಜಯಕಾರವಲ್ಲ. ಇದನ್ನು ಹುಡುಗರು ಗಮನಿಸಬೇಕು. ಗಬ್ಬರ್ ಸತ್ತ ಮೇಲೆ ಠಾಕೂರನು ನಗುವುದಿಲ್ಲ, ಅಳುತ್ತಾನೆ. ಸೇಡು ತೀರಿತು, ಸತ್ತ ಮಕ್ಕಳು ಬರಲಿಲ್ಲ, ಹೋದ ತೋಳು ಬರಲಿಲ್ಲ. ವರ್ಷಗಟ್ಟಲೆ ಅವನನ್ನು ನೆಟ್ಟಗೆ ನಿಲ್ಲಿಸಿದ್ದ ಸಿಟ್ಟೂ ಹೋಯಿತು. ಇನ್ನು ಉಳಿದದ್ದೇನು? ಈ ಬರಿದುತನ ಮಂದಿರದ ಪ್ರತಿಯಲ್ಲಿ ಸಿಕ್ಕುವುದಿಲ್ಲ. ಸೇಡಿನ ದಾರಿ ತಪ್ಪೆಂದು ಹೇಳಬೇಕಾಗಿದ್ದರೆ ಪೊಲೀಸರ ಉಪದೇಶಕ್ಕಿಂತ ಆ ಅಳುವೇ ಚೆನ್ನಾಗಿ ಹೇಳುತ್ತಿತ್ತು. ಸೆನ್ಸಾರಿನವರು ಕತ್ತರಿಸಿದ್ದು ತಮಗೇ ಬೇಕಾಗಿದ್ದ ನೀತಿಯನ್ನು.

ಇರುವೆಯ ಮಾತು

ಆದರೆ ನ್ಯಾಯವಾಗಿ ಮಾತನಾಡಬೇಕಾದರೆ ಇನ್ನೊಂದು ಪಕ್ಕವನ್ನೂ ನೋಡಬೇಕು. ಅಹಮದನ ಕೊಲೆಯನ್ನು ತೆಗೆದುಕೊಳ್ಳಿರಿ. ಮಂದಿರದ ಪ್ರತಿಯಲ್ಲಿ ಕೊಲೆ ಕಾಣುವುದಿಲ್ಲ. ಗಬ್ಬರ್ ಮಲಗಿದ್ದಾನೆ, ಕೈಯ ಮೇಲೆ ಇರುವೆಯೊಂದು ಹರಿಯುತ್ತಿದೆ. ಹಿಡಿದು ತಂದ ಹುಡುಗ ಎದುರಿಗಿದ್ದಾನೆ. ಗಬ್ಬರ್ ಇರುವೆಯನ್ನು ಹೊಸಕುತ್ತಾನೆ. ಮುಂದೆ ಊರಿನೊಳಗೆ ಬರುವ ಕುದುರೆಯ ಮೇಲೆ ಹುಡುಗನ ಹೆಣ. ಕಣ್ಣಿಲ್ಲದ ತಂದೆ ತಡವರಿಸುತ್ತ ಬರುತ್ತಾನೆ. ಇಷ್ಟೇ. ಹೇಳಿರಿ, ಈ ಇರುವೆಗಿಂತ ಹೆಚ್ಚಾಗಿ ಯಾವ ಕತ್ತಿ, ಯಾವ ಕಬ್ಬಿಣ ನಮ್ಮನ್ನು ನಡುಗಿಸಬಲ್ಲುದು? ಇಲ್ಲಿ ಸೆನ್ಸಾರಿನ ಕತ್ತರಿ ತಿಳಿಯದೆಯೇ ಚಿತ್ರಕ್ಕೆ ಉಪಕಾರ ಮಾಡಿತೆಂದು ನಮಗೆ ತೋರುತ್ತದೆ.

ತೋರಿಸದೆ ತೋರಿಸುವ ಈ ಜಾಣತನ ಆ ಚಿತ್ರದ ಸಂಕಲನಕಾರರಿಗೆ ಮೊದಲೇ ಇತ್ತು. ಠಾಕೂರನ ತೋಳು ಕಡಿಯುವಾಗ ಗಬ್ಬರನ ಎರಡು ಕತ್ತಿಗಳು ಮೇಲೇಳುವುದನ್ನು ಮಾತ್ರ ನೋಡುತ್ತೇವೆ. ಆಮೇಲೆ ಕಾಣುವುದು ಶಾಲು ಜಾರಿ ಗಾಳಿಗೆ ಹಾರುವ ಬರಿಯ ಅಂಗಿತೋಳುಗಳು. ಸಂಕಲನಕಾರರ ಹೆಸರು ಎಂ. ಎಸ್. ಶಿಂದೆ. ಶೋಲೆಗೆ ಆ ವರ್ಷ ದೊರೆತ ಫಿಲ್ಮ್‌ಫೇರ್ ಪ್ರಶಸ್ತಿ ಒಂದೇ ಒಂದು. ನಟರಿಗಲ್ಲ, ದಿಗ್ದರ್ಶಕನಿಗಲ್ಲ, ಕಥೆಗಾರರಿಗಲ್ಲ. ಕತ್ತರಿ ಹಿಡಿದ ಶಿಂದೆಯವರಿಗೆ. ಗಬ್ಬರನ ಮಾತುಗಳನ್ನು ಬಾಯಿಪಾಠ ಒಪ್ಪಿಸುವ ನಮ್ಮಲ್ಲಿ ಎಷ್ಟು ಮಂದಿಗೆ ಈ ಹೆಸರು ಗೊತ್ತಿತ್ತು? ಹೋಟೆಲಿನ ಹೆಸರು ಬೋರ್ಡಿನ ಮೇಲೆ, ಯಜಮಾನರ ಪಟ ಗಲ್ಲಾದ ಮೇಲೆ. ಒಳಗೆ ಹಿಟ್ಟಿನ ಹದ ನೋಡುವ ಭಟ್ಟರ ಹೆಸರು ಯಾರಿಗೆ ಗೊತ್ತು? ದಿಗ್ದರ್ಶಕನ ಪ್ರತಿ ಎಂದು ಒಬ್ಬನ ಹೆಸರನ್ನೇ ದೊಡ್ಡದಾಗಿ ಬರೆಯುವಾಗ ಈ ಕೈಗಳನ್ನು ಮರೆಯಬಾರದು.

ಹೋದ ಪ್ರತಿ ಬಂದುದು ಹೇಗೆ?

ಮಂದಿರದ ಪ್ರತಿ ಮುಂಬಯಿಯ ಮಿನರ್ವಾದಲ್ಲಿ ಐದು ವರ್ಷಕ್ಕೂ ಮಿಕ್ಕಿ ನಡೆಯಿತು. ಊರಿನಿಂದ ಬಂದ ನೆಂಟರಿಗೆ ರಾಣಿಬಾಗು, ಚೌಪಾಟಿ ತೋರಿಸಿ, ಕೊನೆಗೆ ಮಿನರ್ವಾಕ್ಕೆ ಕರೆದೊಯ್ದವರು ನಮ್ಮಲ್ಲಿ ಬಹಳ ಮಂದಿ. ಆ ಚಿತ್ರಮಂದಿರ ಈಗ ಇಲ್ಲ. ದಿಗ್ದರ್ಶಕನ ಅಂತ್ಯ 1990ರಲ್ಲಿ ಬ್ರಿಟನ್ನಿನಲ್ಲಿ ವೀಡಿಯೊ ಕ್ಯಾಸೆಟ್ಟಿನ ರೂಪದಲ್ಲಿ ಹೊರಬಿತ್ತು. ಆದರೆ ಅದು ಚಿಕ್ಕ ಪರದೆಯ ಸಂಗತಿ.

ದೊಡ್ಡ ಪರದೆಗೆ ತರಬೇಕೆಂದರೆ ಮೂಲ ನೆಗೆಟಿವ್ ಹಾಳಾಗಿತ್ತು. 70 ಮಿಲಿಮೀಟರಿನ ಪ್ರತಿ ಒಂದೂ ಉಳಿದಿರಲಿಲ್ಲ. ಮುಂಬಯಿಯ ಫಿಲ್ಮ್ ಹೆರಿಟೇಜ್ ಫೌಂಡೇಶನ್ ಸಿಪ್ಪಿ ಸಂಸ್ಥೆಯೊಡನೆ ಕೂಡಿ ಹುಡುಕಿತು. ಇಂಗ್ಲೆಂಡಿನ ಉಗ್ರಾಣವೊಂದರಲ್ಲಿ ಹಳೆಯ ಡಬ್ಬಿಗಳು ಸಿಕ್ಕಿದವು. ಇಟಲಿ ದೇಶದ ಬೊಲೋನ್ಯಾ ನಗರದ ಪ್ರಯೋಗಶಾಲೆಯಲ್ಲಿ ಒಂದೊಂದೇ ಚಿತ್ರವನ್ನು ತೊಳೆದು, ಸರಿಪಡಿಸಿ, ಸುಮಾರು ಮೂರು ವರ್ಷ ದುಡಿದರು. 2025ರ ಜೂನ್ 27ರಂದು ಆ ನಗರದ ದೊಡ್ಡ ಚೌಕದಲ್ಲಿ ಬಯಲಿನಲ್ಲಿ ಪರದೆ ಕಟ್ಟಿ ತೋರಿಸಿದರು. ರಾಮನಗರದ ಬಂಡೆಗಳನ್ನು ಇಟಲಿಯ ಜನ ಆಕಾಶದ ಕೆಳಗೆ ಕುಳಿತು ನೋಡಿದರು. ಅದೇ ಡಿಸೆಂಬರಿನಲ್ಲಿ ಅದು ನಮ್ಮಲ್ಲಿಗೆ ಬಂತು. ಐವತ್ತು ವರ್ಷ ಬೇಕಾಯಿತು.

ಕಾರ್ಮಿಕನನ್ನು ಕತ್ತರಿಸಿದ ಕಥೆ

ಇನ್ನು ಹಣದ ಕತ್ತರಿಯ ಮಾತು. ಇದಕ್ಕೆ ನಾವು ದೂರದ ಜರ್ಮನಿಗೆ ಹೋಗಬೇಕು. ದಿಗ್ದರ್ಶಕ ಫ್ರಿಟ್ಸ್ ಲಾಂಗ್ ತೆಗೆದ ‘ಮೆಟ್ರೊಪೊಲಿಸ್’ ಎಂಬ ಮೂಕಚಿತ್ರ. ಅದರಲ್ಲಿ ಒಂದು ನಗರವಿದೆ. ಮೇಲೆ ಧನಿಕರು ಗಗನಚುಂಬಿ ಮನೆಗಳಲ್ಲಿ, ತೋಟಗಳಲ್ಲಿ ಇದ್ದಾರೆ. ನೆಲದ ಕೆಳಗೆ ಕಾರ್ಮಿಕರು ಯಂತ್ರಗಳ ಮುಂದೆ ಹತ್ತು ಗಂಟೆಯ ಪಾಳಿ ದುಡಿಯುತ್ತಾರೆ. ಪಾಳಿ ಬದಲಾಗುವ ದೃಶ್ಯವನ್ನು ನೀವು ಒಮ್ಮೆ ನೋಡಬೇಕು. ತಲೆ ತಗ್ಗಿಸಿ ಹೋಗುವ ಸಾಲು, ತಲೆ ತಗ್ಗಿಸಿ ಬರುವ ಸಾಲು. ಗಿರಣಗಾಂವಿನ ಭೋಂಗಾ ಕೇಳಿ ಎದ್ದವರಿಗೆ ಅದು ಪರದೇಶದ ಚಿತ್ರವೆಂದು ತೋರುವುದಿಲ್ಲ.

1927ರ ಜನವರಿ 10ರಂದು ಬರ್ಲಿನ್ನಿನಲ್ಲಿ ಅದರ ಮೊದಲ ಪ್ರದರ್ಶನವಾಯಿತು. ಉದ್ದ 4,189 ಮೀಟರು, ಎರಡೂವರೆ ಗಂಟೆಯ ಸುಮಾರು. ಅಪಾರ ಹಣ ಸುರಿದಿದ್ದರು, ಜನ ಸಾಕಷ್ಟು ಬರಲಿಲ್ಲ. ಅಮೆರಿಕದ ವ್ಯಾಪಾರಿಗಳು ತಮ್ಮ ದೇಶಕ್ಕೆಂದು ಅದನ್ನು ಮೊಟಕುಗೊಳಿಸಿದರು. ಆ ಕೆಲಸ ಮಾಡಿದವನು ನಾಟಕಕಾರ ಚಾನಿಂಗ್ ಪೊಲಾಕ್. ಜರ್ಮನಿಯ ಉಫಾ ಸಂಸ್ಥೆಯೂ ಅದೇ ವರ್ಷ ತನ್ನ ಪ್ರತಿಯನ್ನು ಹಿಂದಕ್ಕೆ ಪಡೆದು, ಕತ್ತರಿಸಿ, ಮತ್ತೆ ಬಿಟ್ಟಿತು. ಚಿತ್ರದ ಸುಮಾರು ಕಾಲುಭಾಗ ಮಾಯವಾಯಿತು.

ಮಾಯವಾದದ್ದು ಏನು ಬಲ್ಲಿರಾ? ಕಥೆಯಲ್ಲಿ 11811 ಎಂಬ ಸಂಖ್ಯೆಯ ಕಾರ್ಮಿಕನೊಬ್ಬನಿದ್ದಾನೆ. ಯಜಮಾನನ ಮಗ ಕನಿಕರದಿಂದ ಅವನ ಬಟ್ಟೆ ತೊಟ್ಟು, ಅವನ ಯಂತ್ರದ ಮುಂದೆ ನಿಲ್ಲುತ್ತಾನೆ. ಕಾರ್ಮಿಕನು ಶ್ರೀಮಂತರ ಬಟ್ಟೆ ತೊಟ್ಟು ಮೇಲಿನ ನಗರಕ್ಕೆ ಹೋಗುತ್ತಾನೆ. ಜೇಬಿನಲ್ಲಿ ಹಣ, ಕೂರಲು ಮೋಟಾರು, ಕಣ್ಣ ಮುಂದೆ ದೀಪಗಳು. ಮಾಡಬೇಕಾದ ಕೆಲಸ ಮರೆತು ಮೋಜಿನ ಮನೆಯ ಕಡೆ ತಿರುಗುತ್ತಾನೆ. ಅವನನ್ನು ಹಿಂಬಾಲಿಸುವ ಯಜಮಾನನ ಗೂಢಚಾರನೊಬ್ಬನಿದ್ದಾನೆ. ಚಿತ್ರ ಉದ್ದವಾಯಿತೆಂದಾಗ ಕತ್ತರಿ ಮೊದಲು ಬಿದ್ದ ಕಡೆಗಳಲ್ಲಿ ಇದೂ ಒಂದು. ಯಜಮಾನನ ಮಗನ ತ್ಯಾಗ ಪೂರ್ತಿ ಉಳಿಯಿತು. ಕಾರ್ಮಿಕನ ಆಸೆ, ಅವನ ಚಾಂಚಲ್ಯ, ಅವನ ಪಶ್ಚಾತ್ತಾಪ ಹೋಯಿತು. ಅವನು ಬರಿಯ ಸಂಖ್ಯೆಯಾಗಿ ಉಳಿದ.

ಎಂಬತ್ತು ವರ್ಷ ಜಗತ್ತು ಆ ಮೊಟಕು ಚಿತ್ರವನ್ನೇ ನೋಡಿತು. ದಕ್ಷಿಣ ಅಮೆರಿಕದ ವಿತರಕನೊಬ್ಬ ಮೊದಲಿನ ಉದ್ದದ ಪ್ರತಿಯನ್ನೇ ಅರ್ಜೆಂಟೀನಾಕ್ಕೆ ಒಯ್ದಿದ್ದ. ಅದು ಕೈಯಿಂದ ಕೈಗೆ ದಾಟಿ, 16 ಮಿಲಿಮೀಟರಿಗೆ ಇಳಿದು, ಗೀರುಗಳಿಂದ ತುಂಬಿ, ಬ್ಯೂನಸ್ ಐರಿಸ್ ನಗರದ ಸಿನೆಮಾ ವಸ್ತುಸಂಗ್ರಹಾಲಯದ ಕಪಾಟಿನಲ್ಲಿ ಕುಳಿತಿತ್ತು. ಅದರ ಸುಳಿವು ಸಿಕ್ಕಿದ್ದು ಹೇಗೆಂದರೆ, ಹಿಂದೊಮ್ಮೆ ಅದನ್ನು ತೋರಿಸಿದ್ದ ಚಿತ್ರಸಂಘದವರೊಬ್ಬರು ಫಿಲ್ಮು ಅಲುಗದಂತೆ ಯಂತ್ರದ ಮೇಲೆ ಎರಡು ಗಂಟೆಗೂ ಮಿಕ್ಕಿ ಬೆರಳು ಒತ್ತಿ ಹಿಡಿಯಬೇಕಾಯಿತೆಂದು ಹೇಳಿಕೊಂಡಿದ್ದರಂತೆ. ಎಲ್ಲರಿಗೂ ಗೊತ್ತಿದ್ದ ಪ್ರತಿ ಅಷ್ಟು ಉದ್ದದ್ದಲ್ಲವಲ್ಲ! ಆ ಬೆರಳಿನ ನೋವಿನ ಜಾಡು ಹಿಡಿದು 2008ರಲ್ಲಿ ಪ್ರತಿಯನ್ನು ಹೊರತೆಗೆದರು. ಸುಮಾರು 25 ನಿಮಿಷಗಳ ದೃಶ್ಯಗಳು ಮರಳಿದವು. 2010ರ ಫೆಬ್ರವರಿ 12ರಂದು ಬರ್ಲಿನ್ನಿನಲ್ಲಿ ಅದರ ಪ್ರದರ್ಶನವಾಯಿತು. ಮರಳಿಬಂದ ದೃಶ್ಯಗಳ ಮೇಲೆ ಇಂದಿಗೂ ಮಳೆ ಸುರಿದಂತೆ ಗೀರುಗಳಿವೆ. 11811ನೆಯ ಕಾರ್ಮಿಕ ಆ ಮಳೆಯೊಳಗಿನಿಂದ ಎದ್ದು ಬಂದ.

ಉದ್ದವಾದುದೆಲ್ಲ ಒಳ್ಳೆಯದೇ?

ಇಷ್ಟು ಕೇಳಿ ದಿಗ್ದರ್ಶಕನ ಪ್ರತಿಯೇ ಎಂದೆಂದಿಗೂ ಶ್ರೇಷ್ಠ ಎಂದು ನೀವು ತೀರ್ಮಾನಿಸಬಾರದು. ಇಟಲಿಯ ‘ಸಿನೆಮಾ ಪ್ಯಾರಡೀಸೊ’ ಎಂಬ ಚಿತ್ರ ಇದಕ್ಕೆ ಸಾಕ್ಷಿ. ದಿಗ್ದರ್ಶಕ ಜುಸೆಪ್ಪೆ ತೊರ್ನತೋರೆ, 1988ರ ಚಿತ್ರ. ನಮ್ಮಂಥವರಿಗೆ ಅದು ಎದೆಗೆ ನಾಟುವ ಕಥೆ. ಸಿಸಿಲಿ ದ್ವೀಪದ ಸಣ್ಣ ಊರು. ತಂದೆಯಿಲ್ಲದ ಹುಡುಗ ತೋತೊ ಚಿತ್ರಮಂದಿರದ ಯಂತ್ರ ನಡೆಸುವ ಆಲ್ಫ್ರೆಡೊನ ಬಳಿ ಕೆಲಸ ಕಲಿಯುತ್ತಾನೆ. ದೊಡ್ಡವನಾದಾಗ ಆ ಮುದುಕನೇ, “ಊರು ಬಿಟ್ಟು ಹೋಗು, ಹಿಂತಿರುಗಿ ನೋಡಬೇಡ” ಎಂಬ ಅರ್ಥದ ಮಾತು ಹೇಳಿ ಕಳುಹಿಸುತ್ತಾನೆ. ಹುಡುಗ ಮೂವತ್ತು ವರ್ಷ ಹೋಗುವುದಿಲ್ಲ. ಮುದುಕ ಸತ್ತ ಸುದ್ದಿ ಬಂದಾಗ ಮಾತ್ರ ಹೋಗುತ್ತಾನೆ. ಊರಿನ ಪಾದ್ರಿ ಬೇಡವೆಂದು ಕತ್ತರಿಸಿ ಹಾಕಿಸಿದ್ದ ಮುತ್ತಿನ ದೃಶ್ಯಗಳನ್ನೆಲ್ಲ ಮುದುಕ ಜೋಡಿಸಿ ಒಂದು ಸುರುಳಿ ಮಾಡಿ ಅವನಿಗೆಂದು ಬಿಟ್ಟುಹೋಗಿರುತ್ತಾನೆ.

ಈ ಚಿತ್ರ ಮೊದಲು ಇಟಲಿಯಲ್ಲಿ ಬಂದಾಗ 155 ನಿಮಿಷವಿತ್ತು, ನಡೆಯಲಿಲ್ಲ. ಸುಮಾರು 124 ನಿಮಿಷಕ್ಕೆ ಇಳಿಸಿದರು. 1989ರಲ್ಲಿ ಕಾನ್ ಚಿತ್ರೋತ್ಸವದಲ್ಲಿ ಬಹುಮಾನ, 1990ರಲ್ಲಿ ಪರಭಾಷಾ ಚಿತ್ರದ ಆಸ್ಕರ್ ಬಂತು. 2002ರಲ್ಲಿ 173 ನಿಮಿಷಗಳ ದಿಗ್ದರ್ಶಕನ ಪ್ರತಿ ಬಂತು. ಅದರಲ್ಲಿ ಊರಿಗೆ ಮರಳಿದವನಿಗೆ ಹಳೆಯ ಪ್ರೇಯಸಿ ಎಲೆನಾ ಸಿಕ್ಕುತ್ತಾಳೆ. ಅವರಿಬ್ಬರು ಅಗಲಲು ಆಲ್ಫ್ರೆಡೊನೇ ಕಾರಣ ಎಂಬುದು ಹೊರಬೀಳುತ್ತದೆ. ಹುಡುಗ ಊರಿಗೆ ಕಟ್ಟುಬೀಳದೆ ದೊಡ್ಡವನಾಗಲೆಂದು ಮುದುಕ ಹಾಗೆ ಮಾಡಿದ್ದನಂತೆ.

ನೋಡಿರಿ, ಅದೇ ಮನುಷ್ಯ, ಅದೇ ಪ್ರೀತಿ. ಆದರೆ ಚಿಕ್ಕ ಪ್ರತಿಯಲ್ಲಿ ಅವನು ಆಶೀರ್ವಾದ ಮಾಡಿದ ಹಿರಿಯ. ದೊಡ್ಡ ಪ್ರತಿಯಲ್ಲಿ ಇನ್ನೊಬ್ಬರ ಬಾಳನ್ನು ಕೇಳದೆ ಕತ್ತರಿಸಿದ ಹಿರಿಯ. ನಮ್ಮಲ್ಲಿ ಹನ್ನೆರಡನೆಯ ವಯಸ್ಸಿಗೆ, “ಮುಂಬಯಿಗೆ ಹೋಗು ಮಗಾ, ಇಲ್ಲಿ ಏನಿದೆ” ಎಂದು ಊರಿನಿಂದ ಬಸ್ಸು ಹತ್ತಿಸಿಕೊಂಡವರು ಎಷ್ಟು ಮಂದಿ! ಹತ್ತಿಸಿದವರು ಒಳ್ಳೆಯದನ್ನು ಮಾಡಿದರೇ, ಏನನ್ನಾದರೂ ಮುಚ್ಚಿಟ್ಟರೇ? ದೊಡ್ಡ ಪ್ರತಿ ಈ ಪ್ರಶ್ನೆಯನ್ನು ಬಿಚ್ಚಿಡುತ್ತದೆ. ಆದರೆ ಎಲ್ಲವನ್ನೂ ಬಿಡಿಸಿ ಹೇಳಿದ ಮೇಲೆ ಕೊನೆಯ ಆ ಮುತ್ತುಗಳ ಸುರುಳಿಯ ಮೇಲೆ ಲೆಕ್ಕಪತ್ರದ ನೆರಳು ಬೀಳುತ್ತದೆ. ಚಿಕ್ಕದೇ ಚೆನ್ನಾಗಿತ್ತು ಎನ್ನುವವರು ಬಹಳ ಮಂದಿ. ನಮ್ಮ ಮತವೂ ಅದೇ. ಆದರೂ ದೊಡ್ಡದನ್ನು ನೋಡಿದ ಮೇಲೆ ಚಿಕ್ಕದನ್ನು ಹಿಂದಿನಂತೆ ನೋಡಲಾಗುವುದಿಲ್ಲ ಎಂಬುದೂ ನಿಜ.

ಇನ್ನೊಂದು ಎಚ್ಚರಿಕೆಯ ಮಾತು. ದಿಗ್ದರ್ಶಕನ ಪ್ರತಿ ಎಂಬ ಹೆಸರೇ ಮಾರಾಟದ ಚೀಟಿಯಾಗುವುದುಂಟು. ರಿಡ್ಲಿ ಸ್ಕಾಟ್ ಅವರ ‘ಬ್ಲೇಡ್ ರನ್ನರ್’ 1982ರಲ್ಲಿ ಬಂದಾಗ ಹಣ ಹಾಕಿದವರು ಕಥಾನಾಯಕನ ವಿವರಣೆಯ ಮಾತನ್ನೂ ಸುಖದ ಅಂತ್ಯವನ್ನೂ ಅಂಟಿಸಿದರು. 1992ರಲ್ಲಿ ಅವನ್ನು ತೆಗೆದು ದಿಗ್ದರ್ಶಕನ ಪ್ರತಿ ಎಂದು ಬಿಟ್ಟರು. ಅದರಲ್ಲಿಯೂ ದಿಗ್ದರ್ಶಕರಿಗೆ ಪೂರ್ಣ ತೃಪ್ತಿಯಿರಲಿಲ್ಲ. 2007ರಲ್ಲಿ ಅಂತಿಮ ಪ್ರತಿ ಎಂದು ಇನ್ನೊಂದು ಬಂತು. ಒಂದೇ ಚಿತ್ರಕ್ಕೆ ಮೂರು ಸಲ ಟಿಕೆಟು. ಹಳೆಯ ಸಾಂಬಾರಿಗೆ ಹೊಸ ಒಗ್ಗರಣೆ ಹಾಕಿದರೆ ರುಚಿ ಬರಬಹುದು. ಆದರೆ ಒಗ್ಗರಣೆಯ ಸದ್ದು ಕೇಳಿಯೇ ರುಚಿಯಾಗಿದೆ ಎನ್ನಬಾರದು.

ನಮ್ಮ ತೀರ್ಮಾನ

ಕರಾವಳಿಯ ಬಂಧುಗಳು ಯಕ್ಷಗಾನ ಬಲ್ಲವರು. ಊರಿನ ಬಯಲಿನಲ್ಲಿ ಬೆಳಗಿನ ತನಕ ನಡೆಯುವ ಪ್ರಸಂಗ ಮುಂಬಯಿಯ ಸಭಾಗೃಹಕ್ಕೆ ಬಂದಾಗ ಮೂರು ಗಂಟೆಯ ಕಾಲಮಿತಿಗೆ ಇಳಿಯುತ್ತದೆ. ಕೊನೆಯ ಲೋಕಲು ತಪ್ಪಬಾರದಲ್ಲ! ಒಳ್ಳೆಯ ಭಾಗವತರಾದರೆ ಯಾವ ಪದ್ಯ ಬಿಡಬೇಕು, ಯಾವುದನ್ನು ಬಿಡಲೇಬಾರದು ಎಂದು ಅರಿತು ಬಿಡುತ್ತಾರೆ. ಆ ಆಟ ಸುಳ್ಳಲ್ಲ. ಆದರೆ ಕಾಲಮಿತಿಯನ್ನೇ ನೋಡಿ ಬೆಳೆದ ಮಗು ಪ್ರಸಂಗ ಇಷ್ಟೇ ಎಂದುಕೊಂಡರೆ ಅದು ನಷ್ಟ. ಬೆಳಗಿನ ತನಕದ ಆಟವೂ ಎಲ್ಲೋ ಉಳಿದಿರಬೇಕು.

ಸಿನೆಮಾಕ್ಕೂ ಇದೇ ಮಾತು. ಕಾಕಾ ನೋಡಿದ ಶೋಲೆ ಸುಳ್ಳಲ್ಲ. ಅದನ್ನು ಕೋಟ್ಯಂತರ ಜನ ನೋಡಿದರು, ಅದರ ಮಾತುಗಳಿಂದ ಒಬ್ಬರನ್ನೊಬ್ಬರು ನಗಿಸಿದರು, ಅದರಿಂದ ಅತ್ತರು. ಆ ಕಣ್ಣೀರು ಖರೇ. ಹುಡುಗರು ನೋಡಿದ ಶೋಲೆಯೂ ಖರೇ. ಮಾಡಿದವರ ಮನಸ್ಸಿನಲ್ಲಿದ್ದುದು ಅದು. ಸುಳ್ಳಾದುದು ಒಂದೇ: ಇನ್ನೊಂದು ಇಲ್ಲವೇ ಇಲ್ಲ ಎಂಬಂತೆ ಒಂದನ್ನು ಮುಚ್ಚಿಡುವುದು. ಹೊಸ ಪ್ರತಿ ಬಂದಿತೆಂದು ಹಳೆಯ ಪ್ರತಿಯನ್ನು ಎಸೆದರೆ ಅದೂ ಅದೇ ತಪ್ಪು. 1975ರಲ್ಲಿ ಈ ದೇಶದಲ್ಲಿ ಏನನ್ನು ತೋರಿಸಲು ಬಿಡುತ್ತಿರಲಿಲ್ಲ ಎಂಬುದಕ್ಕೆ ಆ ಹಳೆಯ ಅಂತ್ಯವೇ ಸಾಕ್ಷಿಪತ್ರ.

ಈಗ ಮೊದಲಿನ ಪ್ರಶ್ನೆಗೆ ಬರುತ್ತೇವೆ. ಸಂಘಕ್ಕೆ ಈ ಚರ್ಚೆ ಏತಕ್ಕೆ?

ಬಂಧುಗಳೇ, ಈ ನಗರದ ಕಥೆಯನ್ನೂ ಬರೆಯುವವರಿದ್ದಾರೆ, ತೋರಿಸುವವರಿದ್ದಾರೆ. ಗಿರಣಿ ಇದ್ದ ಜಾಗದಲ್ಲಿ ಎದ್ದ ಗಗನಚುಂಬಿಗಳನ್ನು ತೋರಿಸುತ್ತಾರೆ. ಚಿಮಣಿಯ ಕೆಳಗೆ ನೂಲು ಜೋಡಿಸಿದ ಕೈಯನ್ನು ತೋರಿಸುವಷ್ಟರಲ್ಲಿ ಹೊತ್ತು ಮುಗಿಯುತ್ತದೆ. ಉಡುಪಿ ಹೋಟೆಲಿನ ದೋಸೆಯನ್ನು ಹೊಗಳುತ್ತಾರೆ. ಹಗಲು ಮೇಜು ಒರೆಸಿ, ಸಂಜೆ ಕನ್ನಡ ರಾತ್ರಿಶಾಲೆಯಲ್ಲಿ ಕುಳಿತು, ಅಟ್ಟದ ಮೇಲೆ ಗೋಣಿ ಹಾಸಿ ಮಲಗಿದ ಹುಡುಗನ ದೃಶ್ಯ ಉದ್ದವಾಯಿತೆಂದು ಕತ್ತರಿಗೆ ಸಿಕ್ಕುತ್ತದೆ. ನಾವೆಲ್ಲರೂ ಸ್ವಲ್ಪಮಟ್ಟಿಗೆ 11811ನೆಯವರೇ.

ಮೆಟ್ರೊಪೊಲಿಸ್ ಮರಳಿ ಬಂದದ್ದು ಏಕೆ? ಯಾರೋ ಒಬ್ಬ ಗೀರು ಬಿದ್ದ ಡಬ್ಬಿಯನ್ನು ಎಸೆಯದೆ ಇಟ್ಟುಕೊಂಡಿದ್ದರಿಂದ. ಆದುದರಿಂದ ನಮ್ಮ ವಿನಂತಿ ಇಷ್ಟೇ. ನಿಮ್ಮ ಪೆಟ್ಟಿಗೆಯಲ್ಲಿ ಗಿರಣಿಯ ಹಾಜರಿ ಕಾರ್ಡು ಇದ್ದರೆ, ರಾತ್ರಿಶಾಲೆಯ ಪ್ರಗತಿಪತ್ರವಿದ್ದರೆ, ಮುಷ್ಕರದ ಕಾಲದ ಕರಪತ್ರವಿದ್ದರೆ, ಹೋಟೆಲಿನ ಮುಂದೆ ಎಲ್ಲರೂ ನಿಂತು ತೆಗೆಸಿದ ಪಟವಿದ್ದರೆ ರದ್ದಿಗೆ ಹಾಕಬೇಡಿರಿ. ವಾಚನಾಲಯಕ್ಕೆ ತನ್ನಿರಿ. ಹಿಂದೆ ನಿಂತವರ ಹೆಸರನ್ನು ಪಟದ ಬೆನ್ನಿಗೆ ಬರೆಯಿರಿ. ಬರೆಯಲು ಬಾರದವರು ಹೇಳಿರಿ, ನಮ್ಮ ಹುಡುಗರು ಬರೆದುಕೊಳ್ಳುತ್ತಾರೆ.

ಕಾಕಾ ಮತ್ತು ಹುಡುಗರು ಬರುವ ಭಾನುವಾರ ಎರಡೂ ಶೋಲೆಗಳನ್ನು ಕೂಡಿಯೇ ನೋಡುವುದೆಂದು ಒಪ್ಪಿದ್ದಾರೆ. ಆಮೇಲಿನ ಜಗಳಕ್ಕೆ ಚಹಾದ ವ್ಯವಸ್ಥೆ ಸಂಘದ್ದು.  ನಮ್ಮ ಭಾಷಣಕ್ಕೂ ಕತ್ತರಿ ಬೇಕೆಂದು ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ.